ಹಂದಿ ಅಂದ್ಕೊಂಡೆ

ಇವತ್ತು ರಾಜಕೀಯ ಇಲ್ಲ. ದೆಹಲಿ ಇಲ್ಲ, ವಿಧಾನಸೌಧ ಇಲ್ಲ, ಯಾರು ಯಾರ ಮನೆಗೆ ಊಟಕ್ಕೆ ಹೋದ್ರು ಅನ್ನೋದೂ ಇಲ್ಲ. ಇವತ್ತು ಒಂದು ಕೋವಿಯ ಬಗ್ಗೆ ಮಾತಾಡೋಣ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಒಪ್ಕೊಂಡು ಬಿಡ್ತೀನಿ.

ಭತ್ತ ತೆನೆಗೆ ಬಂದಿದ್ದ ಕಾಲ. ಮಲೆನಾಡಿನ ಒಂದು ಹಳ್ಳಿಯಿಂದ ರಾತ್ರಿ ಹನ್ನೊಂದೂವರೆಗೆ ಸುದ್ದಿ ಬಂತು. ಹಳ್ಳಿಯ ಹೆಸರು ಹೇಳೋದಿಲ್ಲ, ಆ ಮನೆಯವರು ಈಗಾಗಲೇ ಸಾಕಷ್ಟು ಅನುಭವಿಸಿದ್ದಾರೆ. ಗುಂಡು ತಗುಲಿ ಒಬ್ಬರು ಸತ್ತಿದ್ದಾರೆ, ಕೋವಿ ಹಳೇ ಕಾಲದ್ದು, ಅಷ್ಟೇ ನಮಗಿದ್ದ ಮಾಹಿತಿ. ಐದು ನಿಮಿಷದಲ್ಲಿ ಕೆಂಪು ಪಟ್ಟಿ ಓಡಿತು. ‘ನಾಡಬಂದೂಕಿಗೆ ವ್ಯಕ್ತಿ ಬಲಿ, ಶಿಕಾರಿಗೆ ಹೋದವರ ಎಡವಟ್ಟು.’ ಅದನ್ನು ಓದಿದ್ದು ನಾನೇ. ಹನ್ನೆರಡು ಗಂಟೆಯೊಳಗೆ ಮೂರು ಸಲ ಓದಿದೆ.

ಎರಡು ದಿನ ಬಿಟ್ಟು ಕಚೇರಿಗೆ ಒಂದು ಫೋನ್ ಬಂತು. ಸತ್ತವರ ಹೆಂಡತಿಯ ತಮ್ಮ. ಬೈತಾರೆ ಅಂದ್ಕೊಂಡೆ, ಬೈಲಿಲ್ಲ.

‘ಮೇಡಂ, ನಮ್ಮ ಭಾವ ಶಿಕಾರಿಗೆ ಹೋಗಿರ್ಲಿಲ್ಲ. ಗದ್ದೆ ಕಾಯೋಕೆ ಹೋಗಿದ್ರು. ಹೊಡೆದವರೂ ದೂರದವರಲ್ಲ, ಪಕ್ಕದ ಗದ್ದೆಯವರೇ. ಅವರ ಹತ್ರ ಇದ್ದಿದ್ದು ಲೈಸೆನ್ಸ್ ಇರೋ ಕೋವಿ. ನಮ್ಮ ಭಾವ ಮಾಳದಿಂದ ಇಳಿದು ಬದುವಿನ ಮೇಲೆ ಬರ್ತಾ ಇದ್ರು. ಭತ್ತ ಅಲ್ಲಾಡ್ತು, ಅವರು ಹಂದಿ ಅಂದ್ಕೊಂಡ್ರು. ನೀವು ಟಿವಿಯಲ್ಲಿ ಶಿಕಾರಿ ಅಂದ್ರಿ. ಈಗ ಊರಲ್ಲಿ ನಮ್ಮ ಅಕ್ಕನ್ನ ಕಳ್ಳಬೇಟೆಯವನ ಹೆಂಡ್ತಿ ಅಂತಾರೆ.’

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ಲೈಸೆನ್ಸ್ ಇರೋ ಕೇಪಿನ ಕೋವಿಗೂ ಯಾರೋ ಕಳ್ಳತನದಲ್ಲಿ ಮಾಡಿಕೊಟ್ಟ ನಾಡಬಂದೂಕಿಗೂ ವ್ಯತ್ಯಾಸ ಇದೆ ಅಂತ ನನಗೆ ಗೊತ್ತಿರಬೇಕಿತ್ತು. ಯಾಕಂದ್ರೆ ಅಂಥದ್ದೊಂದು ಕೋವಿ ನಮ್ಮ ಮನೆಯಲ್ಲೇ ಇತ್ತು.

ನಮ್ಮೂರು ಕೋಗಿಲು. ಯಲಹಂಕದ ಪಕ್ಕ. ಇವತ್ತು ಕೋಗಿಲು ಕ್ರಾಸ್ ಅಂದ್ರೆ ನಿಮಗೆ ನೆನಪಾಗೋದು ವಿಮಾನ ನಿಲ್ದಾಣದ ರಸ್ತೆಯ ಟ್ರಾಫಿಕ್ಕು. ನಮ್ಮ ತಾತನ ಕಾಲದಲ್ಲಿ ಕೆರೆ ಕಡೆ ರಾಗಿ ಹೊಲ, ಅವರೆ ಸಾಲು. ಬಾಗಿಲ ಹಿಂದೆ ಮೊಳೆಗೆ ಒಂಟಿ ನಳಿಗೆಯ ಕೋವಿ ನೇತು ಹಾಕಿರ್ತಿದ್ರು. ಹೊಸತೊಡಕಿನ ದಿನ ಮೊಲಕ್ಕೆ ಅಂತ ಗುಂಪು ಕಟ್ಟಿಕೊಂಡು ಹೋಗ್ತಿದ್ದ ಕಥೆ ತಾತ ಹೇಳೋರು. ನಾನು ನೋಡಿಲ್ಲ. ನಾನು ನೋಡಿದ್ದು ಗುಡ್ಡೆ ಬಾಡು ಮಾತ್ರ. ಆದ್ರೆ ಆ ಕೋವಿ ಮುಟ್ಟೋಕೆ ಹೋದಾಗಲೆಲ್ಲ ಅವರು ಹೇಳ್ತಿದ್ದ ಮಾತು ನೆನಪಿದೆ. ‘ಮಗಾ, ಅದು ಖಾಲಿ ಅಂತ ನಾನು ಹೇಳಿದ್ರೂ ನಂಬಬೇಡ.’

ಯಾಕೆ ಹಾಗಂತಿದ್ರು? ಅದು ಕೆಲಸ ಮಾಡೋ ರೀತಿ ನೋಡಿ, ಗೊತ್ತಾಗುತ್ತೆ.

ಇದರಲ್ಲಿ ತೋಟಾ ಹಾಕೋ ಜಾಗವೇ ಇಲ್ಲ. ಎಲ್ಲವೂ ನಳಿಗೆಯ ಬಾಯಿಂದಲೇ ಒಳಗೆ ಹೋಗಬೇಕು. ಮೊದಲು ಅಳತೆ ಮಾಡಿ ಮದ್ದು ಸುರಿಬೇಕು. ಕರಿಮದ್ದು ಅಂದ್ರೆ ಹೆಚ್ಚುಕಮ್ಮಿ 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಅದರ ಮೇಲೆ ನಾರೋ ಚಿಂದಿಯೋ ತುರುಕಿ ಉದ್ದನೆ ಕಡ್ಡಿಯಿಂದ ಕುಟ್ಟಬೇಕು. ಆಮೇಲೆ ಸೀಸದ ಗುಂಡು ಅಥವಾ ಚಿಲ್ಲು. ಅದು ಉದುರದ ಹಾಗೆ ಮತ್ತೆ ನಾರು. ಕೊನೆಗೆ ಹಿಂದುಗಡೆ ಇರೋ ಸಣ್ಣ ತೂತಿನ ತೊಟ್ಟಿಗೆ ಒಂದು ಕೇಪು ಸಿಗಿಸಬೇಕು. ಟ್ರಿಗರ್ ಎಳೆದ್ರೆ ಕುದುರೆ ಬಂದು ಕೇಪಿಗೆ ಬಡಿಯುತ್ತೆ, ಕಿಡಿ ಒಳಗೆ ಹೋಗುತ್ತೆ, ಈಡು ಹಾರುತ್ತೆ. ಹೊಗೆಯಲ್ಲಿ ಎದುರಿಗೆ ಏನಾಯ್ತು ಅಂತ ಹೊಡೆದವನಿಗೂ ಕಾಣಲ್ಲ.

ಇನ್ನೊಂದು ಈಡು ಬೇಕಾದ್ರೆ ಇಷ್ಟೂ ಕೆಲಸ ಮೊದಲಿಂದ ಮಾಡಬೇಕು. ಅಷ್ಟರಲ್ಲಿ ಹಂದಿ ಪಕ್ಕದ ಪಂಚಾಯ್ತಿ ಸೇರಿರುತ್ತೆ! ಅಂದ್ರೆ ರಾತ್ರಿಯೆಲ್ಲ ಕೂತವನಿಗೆ ಇರೋದು ಒಂದೇ ಅವಕಾಶ. ಸದ್ದು ಬಂದ ಕೂಡಲೇ ಹೊಡೀಬೇಕು ಅಂತ ಕೈ ತುರಿಸೋದು ಅದಕ್ಕೇ. ಇನ್ನೊಂದು ವಿಷಯ ಇದಕ್ಕಿಂತ ಕೆಟ್ಟದ್ದು. ಒಂದು ಸಲ ತುಂಬಿದ ಮೇಲೆ ಇದನ್ನು ಸುಲಭವಾಗಿ ಖಾಲಿ ಮಾಡೋಕಾಗಲ್ಲ. ತೋಟಾ ಕೋವಿ ಆದ್ರೆ ಮುರಿದು ತೋಟಾ ತೆಗೆದು ಜೇಬಿಗೆ ಹಾಕ್ಕೋಬಹುದು. ಇಲ್ಲಿ ಒಂದೋ ಈಡು ಹಾರಿಸಬೇಕು, ಇಲ್ಲ ಕಷ್ಟಪಟ್ಟು ಒಳಗಿನದ್ದನ್ನು ಕೆದಕಿ ತೆಗೀಬೇಕು. ಹಾಗಾಗಿ ಸಂಜೆ ತುಂಬಿದ ಕೋವಿ ಬೆಳಿಗ್ಗೆ ತುಂಬಿದ ಹಾಗೇ ಮನೆಗೆ ಬಂದು ಬಾಗಿಲ ಹಿಂದೆ ಒರಗುತ್ತೆ. ತಾತ ನಂಬಬೇಡ ಅಂದಿದ್ದು ಇದನ್ನೇ.

ಅಂದಹಾಗೆ ಈ ಕೇಪಿನ ವಿದ್ಯೆ ಹುಟ್ಟಿದ್ದೇ ಬೇಟೆಯ ಚಟದಿಂದ. ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಅಂತ ಒಬ್ಬ ಪಾದ್ರಿ ಇದ್ದ. ಆಗಿನ ಚಕಮಕಿ ಕಲ್ಲಿನ ಕೋವಿಯಲ್ಲಿ ಮೊದಲು ಹೊರಗೆ ಬೆಂಕಿ ಮಿಂಚೋದು, ಆಮೇಲೆ ಈಡು. ಮಿಂಚು ಕಂಡ ಬಾತುಕೋಳಿಗಳು ಹಾರಿ ಹೋಗ್ತಿದ್ವು. ಅದಕ್ಕೆ ಬೇಸತ್ತು, ಬಡಿದ್ರೆ ಸಿಡಿಯೋ ರಾಸಾಯನಿಕ ಬಳಸೋ ಉಪಾಯ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಮಾಡಿಸಿದ. ಕೇಪು ಬಂದಿದ್ದು ಅದರ ಬೆನ್ನಿಗೆ. ಪಾದ್ರಿಯ ಬಾತುಕೋಳಿ ಬೇಟೆಗೂ ನಮ್ಮ ಮಲೆನಾಡಿನ ಗದ್ದೆಗೂ ನಂಟು ನೋಡಿ!

ಈಗ ಕಾನೂನಿಗೆ ಬರೋಣ. ಇದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ ಅಂದ್ರೆ ನೀವು ನಗಬಹುದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ, ಬೆಳೆ ರಕ್ಷಣೆಗೆ ಪ್ರಾಮಾಣಿಕವಾಗಿ ಬೇಕಾಗಿರೋ ನಾಗರಿಕನಿಗೆ ಬಾಯಿಂದ ಮದ್ದು ತುಂಬುವ ಕೋವಿಯ ಲೈಸೆನ್ಸ್ ಕೊಡಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ನಮ್ಮ ತಾತನದ್ದು, ಆ ಪಕ್ಕದ ಗದ್ದೆಯವರದ್ದು, ಎರಡೂ ಇದೇ ಲೈಸೆನ್ಸು. ಹದಿಮೂರು ವರ್ಷ ಆದ್ಮೇಲೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಜಿಂಕೆ, ಕಡವೆ, ಕಾಡುಹಂದಿ, ಎಲ್ಲಕ್ಕೂ ಅದರಲ್ಲಿ ರಕ್ಷಣೆ ಇದೆ. ಕೊಲ್ಲೋದು ಮಾತ್ರ ಅಲ್ಲ, ಕೊಲ್ಲೋ ಪ್ರಯತ್ನವೂ ಅಲ್ಲಿ ಬೇಟೆ ಅನ್ನಿಸಿಕೊಳ್ಳುತ್ತೆ. ಹಾಗಾದ್ರೆ ಬೆಳೆ? ಅದೂ ಮರೆತಿಲ್ಲ. 11ನೇ ಸೆಕ್ಷನ್ನಿನಲ್ಲಿ, ಕೆಲವು ಪ್ರಾಣಿಗಳು ಹೊಲದಲ್ಲಿ ನಿಂತ ಬೆಳೆಗೆ ಅಪಾಯ ಮಾಡಿದ್ರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು.

ಅರ್ಥ ಆಯ್ತಲ್ಲ? ಕೋವಿ ಇಟ್ಕೊಳ್ಳೋಕೆ ಅನುಮತಿ ಕಂದಾಯ ಇಲಾಖೆಯ ಕಡೆಯಿಂದ. ಅದರಿಂದ ಪ್ರಾಣಿಗೆ ಹೊಡೆಯೋಕೆ ಅನುಮತಿ ಅರಣ್ಯ ಇಲಾಖೆಯಿಂದ. ಎರಡನೇದನ್ನು ಕೈಯಲ್ಲಿ ಹಿಡಿದು ಮಾಳ ಹತ್ತಿದ ಎಷ್ಟು ಜನ ರೈತರನ್ನು ನೀವು ನೋಡಿದ್ದೀರಿ? ನಾನು ಒಬ್ಬರನ್ನೂ ನೋಡಿಲ್ಲ. ಅಂದ್ಮೇಲೆ ಆ ಕೋವಿಯಿಂದ ನ್ಯಾಯವಾಗಿ ಮಾಡಬಹುದಾದ ಕೆಲಸ, ಆಕಾಶಕ್ಕೆ ಒಂದು ಢಂ. ಬೆದರಿಸೋದು. ಹಾಗಿದ್ರೆ ಒಳಗೆ ಸೀಸ ಯಾಕೆ ತುಂಬಬೇಕು? ಬರೀ ಮದ್ದು ತುಂಬಿದ್ರೂ ಸದ್ದು ಬರುತ್ತಲ್ಲ? ಈ ಮಾತನ್ನು ಲೈಸೆನ್ಸ್ ಕೊಡುವಾಗ ಯಾರಾದ್ರೂ ಕೂರಿಸಿಕೊಂಡು ಹೇಳಿದ್ರಾ? ಫೋನ್ ಮಾಡಿದ ಆ ಹುಡುಗನ್ನ ಕೇಳಿದೆ. ‘ಇಲ್ಲ ಮೇಡಂ, ಎಲೆಕ್ಷನ್ ಬಂದಾಗ ತಂದು ಠಾಣೆಗೆ ಇಡಿ ಅಂತ ಮಾತ್ರ ಹೇಳ್ತಾರೆ’ ಅಂದರು.

ಇದೇ ಸಮಯಕ್ಕೆ ಅಮೆರಿಕದಿಂದ ಒಂದು ಫೋಟೊ ಬಂತು. ನನ್ನ ಜೊತೆ ಇಂಜಿನಿಯರಿಂಗ್ ಓದಿದವನು, ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದಾನೆ. ಹಿಮದಲ್ಲಿ ನಿಂತಿದ್ದಾನೆ, ಕೈಯಲ್ಲಿ ಚಕಮಕಿ ಕೋವಿ. ಫೋರ್ಸಿತ್‌ಗಿಂತ ಹಿಂದಿನ ಕಾಲದ್ದು! ಅಲ್ಲಿ 1974ರಿಂದ ಚಕಮಕಿ ಕೋವಿಗೇ ಅಂತ ಪ್ರತ್ಯೇಕ ಜಿಂಕೆ ಬೇಟೆಯ ಸೀಸನ್ ಇದೆ, ಕ್ರಿಸ್‌ಮಸ್ ಆದ್ಮೇಲೆ. ‘ನಮ್ಮಲ್ಲೂ ಹೀಗೆ ಸೀಸನ್ ಮಾಡಿದ್ರೆ ರೈತರ ಸಮಸ್ಯೆ ಮುಗೀತಲ್ವಾ? ನಿನ್ನ ಶೋನಲ್ಲಿ ಹೇಳೇ’ ಅಂತ ಕೆಳಗೆ ಬರೆದಿದ್ದ.

ಹೇಳ್ತೀನಿ ಮಾರಾಯ, ಆದ್ರೆ ನಿನಗೆ ಬೇಕಾದ ಹಾಗೆ ಅಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಅಂದಾಜು ಐದು ಲಕ್ಷಕ್ಕೆ ಇಳಿದಿತ್ತು. ಈಗ ಅಂದಾಜು ಮೂರು ಕೋಟಿ. ಆ ಕಾಡುಗಳಲ್ಲಿ ತೋಳಗಳನ್ನು ಹೆಚ್ಚುಕಮ್ಮಿ ಪೂರ್ತಿ ಕೊಂದು ಮುಗಿಸಿದ್ರು, ಜಿಂಕೆ ತಿನ್ನೋರು ಈಗ ಬೇಟೆಗಾರರೇ. ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ತಿನ್ನೋರು ಬದುಕಿದ್ದಾರೆ. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ. ಅವುಗಳ ತಟ್ಟೆಗೆ ನಾವು ಕೈ ಹಾಕಿದ್ರೆ ಅವು ನಮ್ಮ ಕೊಟ್ಟಿಗೆಗೆ ಬರ್ತವೆ. ಸೀಸನ್ ಬೇಡ.

ಆದ್ರೆ ಅಲ್ಲಿಂದ ತಗೊಳ್ಳೋದು ಬೇರೆ ಇದೆ. ಕೋವಿ ಮತ್ತು ಮದ್ದುಗುಂಡಿನ ಮೇಲಿನ 11 ಪರ್ಸೆಂಟ್ ತೆರಿಗೆ 1937ರ ಕಾನೂನಿನಂತೆ ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತೆ. ಅದಕ್ಕಿಂತ ಮುಖ್ಯ, ಮೊದಲ ಸಲ ಬೇಟೆಯ ಲೈಸೆನ್ಸ್ ತಗೊಳ್ಳೋನು ಪಾಠ ಕೇಳಿ ಪರೀಕ್ಷೆ ಪಾಸಾಗಬೇಕು. ಆ ಪಾಠದಲ್ಲಿ ಮತ್ತೆ ಮತ್ತೆ ಹೇಳೋದು, ಗುರಿ ಏನು ಅಂತ ಕಣ್ಣಾರೆ ಖಚಿತ ಆಗೋವರೆಗೆ, ಅದರ ಹಿಂದೆ ಏನಿದೆ ಅಂತ ನೋಡೋವರೆಗೆ ಟ್ರಿಗರ್ ಮೇಲೆ ಬೆರಳು ಇಡಬೇಡ. ರೈಫಲ್ ಸೀಸನ್ನಿನಲ್ಲಿ ಮೈಮೇಲೆ ಕಣ್ಣು ಕುಕ್ಕೋ ಕಿತ್ತಳೆ ಬಣ್ಣದ ಬಟ್ಟೆ ಹಾಕಲೇಬೇಕು. ಜಿಂಕೆಗೆ ಕಿತ್ತಳೆಗೂ ಹಸಿರಿಗೂ ವ್ಯತ್ಯಾಸ ಸರಿಯಾಗಿ ಕಾಣಲ್ಲ, ಮನುಷ್ಯನಿಗೆ ಅರ್ಧ ಮೈಲಿಯಿಂದ ಕಾಣುತ್ತೆ. ಇಷ್ಟು ಸರಳ ಉಪಾಯ. ನಮ್ಮ ಗದ್ದೆ ಕಾಯೋರು ಹಾಕೋದು ಕಪ್ಪು ಕಂಬಳಿ. ಕಾರಿರುಳಲ್ಲಿ ಕಪ್ಪು ಕಂಬಳಿ ಹೊದ್ದು ಬಗ್ಗಿ ನಡೆಯೋ ಮನುಷ್ಯ ಎಂಟಡಿ ದೂರದಿಂದಲೂ ಹಂದಿ ಥರಾನೇ ಕಾಣ್ತಾನೆ.

ಕೊಡಗಿನವರು ಈಗಾಗಲೇ ಮೆಸೇಜ್ ಹಾಕೋಕೆ ಶುರು ಮಾಡಿದ್ದೀರಿ ಅಂತ ಗೊತ್ತು. ಹೌದು, ನಿಮ್ಮ ಕಥೆ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ದಿನ ತೋಕ್‌ಗೆ ಪೂಜೆ ಮಾಡಿ, ತೋಕ್‌ಪೂವು ಸಿಗಿಸ್ತೀರಿ. ಹಿಂದೆ ಆ ಹಬ್ಬ ಮುಗಿದ ಮೇಲೆ ಬೇಟೆಗೆ ಹೊರಡೋ ಕಾಲ. ಈಗ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಇಡ್ತೀರಿ. ನನಗಂತೂ ಆ ಬದಲಾವಣೆ ಬಹಳ ಇಷ್ಟ. ಗುರಿಯ ಹೆಮ್ಮೆ ಉಳೀತು, ಕಡವೆ ಉಳೀತು. ಆದ್ರೆ ವಿನಾಯಿತಿ ಇರೋದು ಕೋವಿಯ ಲೈಸೆನ್ಸಿಗೆ. ಕಾಫಿ ತೋಟದ ಕತ್ತಲಲ್ಲಿ ಪೊದೆ ಅಲ್ಲಾಡಿದ ಕಡೆಗೆ ಹೊಡೆಯೋಕೆ ಯಾರಿಗೂ ವಿನಾಯಿತಿ ಇಲ್ಲ.

ಸಾಯಿಸಬೇಕು ಅಂತ ಅವರು ಹೊಡೆದಿಲ್ಲ, ನಿಜ. ನಿರ್ಲಕ್ಷ್ಯದಿಂದ ಸಾವು ಅಂತ ಕೇಸಾಗುತ್ತೆ, ಹೊಸ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ. ಆದ್ರೆ ‘ಹಂದಿ ಅಂದ್ಕೊಂಡೆ’ ಅನ್ನೋದನ್ನು ನಾವು ಎಷ್ಟು ಸುಲಭವಾಗಿ ಒಪ್ಕೋತೀವಿ ನೋಡಿ. ಹಂದಿಯೇ ಆಗಿದ್ರೂ ಅನುಮತಿ ಇಲ್ಲದೆ ಹೊಡೆಯೋ ಹಾಗಿರಲಿಲ್ಲವಲ್ಲ! ಇದನ್ನು ಆ ಮನುಷ್ಯನ ತಪ್ಪು ಅಂತ ಮಾತ್ರ ಹೇಳಿ ಕೈ ತೊಳ್ಕೊಳ್ಳೋಕೆ ನನಗೆ ಮನಸ್ಸಿಲ್ಲ. ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತೆ. ಬೆಳೆ ರಕ್ಷಣೆ ಲೈಸೆನ್ಸ್ ಇರೋ ಪ್ರತಿಯೊಬ್ಬರನ್ನೂ ನವೀಕರಣದ ಹೊತ್ತಿಗೆ ಅಲ್ಲಿಗೆ ಒಂದು ದಿನ ಕರೀರಿ. ಅರಣ್ಯ ಇಲಾಖೆಯವರೂ ಬಂದು ಪಕ್ಕದಲ್ಲಿ ಕೂತ್ಕೊಳ್ಳಲಿ. ಯಾವಾಗ ಹೊಡೀಬಹುದು, ಯಾವಾಗ ಕೂಡದು, ಅರ್ಜಿ ಯಾರಿಗೆ ಕೊಡಬೇಕು, ಕನ್ನಡದಲ್ಲಿ ಒಂದು ಹಾಳೆ ಬರೆದು ಲೈಸೆನ್ಸ್ ಪುಸ್ತಕಕ್ಕೆ ಅಂಟಿಸಿ. ಹೋಗುವಾಗ ಕೈಗೊಂದು ಕಿತ್ತಳೆ ಜಾಕೆಟ್ ಕೊಡಿ. ರಸ್ತೆ ಕೆಲಸದವರಿಗೆ ಕೊಡ್ತೀರಲ್ಲ, ಅದೇ, ಟಾರ್ಚ್ ಬೆಳಕಿಗೆ ಹೊಳೆಯೋ ಪಟ್ಟಿ ಇರೋದು.

ನಮ್ಮ ತಾತನ ಕೋವಿ ಅವರು ತೀರಿಕೊಂಡ ಮೇಲೆ ಅಪ್ಪ ಠಾಣೆಗೆ ಒಪ್ಪಿಸಿ ಬಂದ್ರು. ಕಾಯೋಕೆ ರಾಗಿ ಇರಲಿಲ್ಲ, ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಆ ಹಳ್ಳಿಯವರಿಗೆ ಅಂಥ ದಾರಿ ಇಲ್ಲ, ಅವರ ಗದ್ದೆ ಇನ್ನೂ ಗದ್ದೆಯಾಗೇ ಇದೆ.

ನಮ್ಮ ನ್ಯೂಸ್ ರೂಮಿನಲ್ಲಿ ಒಂದು ಬದಲಾವಣೆ ಮಾಡಿದ್ದೀವಿ. ಪೊಲೀಸರು ಖಚಿತ ಮಾಡೋವರೆಗೆ ‘ನಾಡಬಂದೂಕು’, ‘ಶಿಕಾರಿ’ ಎರಡೂ ಪದ ಪಟ್ಟಿಯಲ್ಲಿ ಓಡೋ ಹಾಗಿಲ್ಲ. ಮತ್ತು ಆವತ್ತಿನ ಸುದ್ದಿಗೆ ತಿದ್ದುಪಡಿ ಇದು: ಸತ್ತವರು ಬೇಟೆಗೆ ಹೋಗಿರಲಿಲ್ಲ, ಕೋವಿ ಲೈಸೆನ್ಸ್ ಇದ್ದದ್ದು. ಇದನ್ನೂ ಮೂರು ಸಲ ಓದ್ತೀನಿ ಅಂತ ಅವರ ಭಾವಮೈದುನನಿಗೆ ಮಾತು ಕೊಟ್ಟಿದ್ದೆ. ಇದು ಮೊದಲನೇದು, ಒಂಬತ್ತಕ್ಕೆ ಇನ್ನೊಂದು, ಹನ್ನೊಂದೂವರೆಗೆ ಕೊನೇದು.

ಅವರ ಅಕ್ಕ ಈಗ ಟಿವಿ ನೋಡಲ್ವಂತೆ. ಉಳಿದ ಭತ್ತ ಕುಯ್ಯೋವರೆಗೆ ರಾತ್ರಿ ಅವರೇ ಮಾಳದಲ್ಲಿ ಕೂತು ಎಣ್ಣೆ ಡಬ್ಬ ಬಡೀತಾರಂತೆ. ಪಕ್ಕದ ಗದ್ದೆಯಲ್ಲಿ ಈ ವರ್ಷ ಕಾಯೋರು ಯಾರೂ ಇಲ್ಲ, ಹಂದಿ ಆ ಕಡೆಯಿಂದಲೇ ಬರ್ತವಂತೆ.