ಅನುಕರಣೆಯ ಅಡುಗೆ ಮತ್ತು ಗೃಹಸ್ಥರ ವಿವೇಕ



ಮುಂಬಯಿ, ದೆಹಲಿಗಳಂತಹ ಮಹಾನಗರಗಳಲ್ಲಿ ನೆಲೆಸಿರುವ ಮಾಧ್ವ ಕುಟುಂಬಗಳ ಅಡುಗೆಮನೆಯ ಬಾಗಿಲಿಗೆ ಹೊಸ ಪದಾರ್ಥವೊಂದು ಬಂದು ನಿಂತಿದೆ. ಸೋಯಾ, ಗೋಧಿ, ಬಟಾಣಿಗಳಿಂದ ತಯಾರಾಗಿ, ರೂಪದಲ್ಲಿಯೂ ರುಚಿಯಲ್ಲಿಯೂ ಮಾಂಸವನ್ನು ಹೋಲುವ ಪದಾರ್ಥವದು. ಮೊಮ್ಮಕ್ಕಳು ಬೇಕೆನ್ನುತ್ತಾರೆ, ಅಜ್ಜಿಯರು ಮನೆಯ ಪಾತ್ರೆಗೆ ಸೋಕಿಸಬೇಡಿರೆನ್ನುತ್ತಾರೆ, ನಡುವೆ ಸಿಲುಕುವವಳು ಗೃಹಿಣಿ. ಇಲ್ಲಿ ಕೋಪಕ್ಕಿಂತ ವಿಚಾರ ಮೇಲು.

ಒಂದು ವಸ್ತುವಿನ ಸ್ಥಾನದಲ್ಲಿ ಇನ್ನೊಂದನ್ನು ಇರಿಸುವುದು ಮಾಧ್ವರಿಗೆ ಅಪರಿಚಿತವಲ್ಲ. ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಿಷ್ಟಪಶುವನ್ನು ಬಳಸುವ ಕ್ರಮವು ಶ್ರೀಮದಾಚಾರ್ಯರ ಹೆಸರಿನೊಂದಿಗೇ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಅಲ್ಲಿ ಹಿಟ್ಟಿಗೆ ಪಶುವಿನ ಆಕಾರ ಬಂದುದು ಜಿಹ್ವಾಚಾಪಲ್ಯಕ್ಕಾಗಿ ಅಲ್ಲ, ಒಂದು ಪ್ರಾಣ ಉಳಿಯಲೆಂದು. ಇದೇ ಅಳತೆಗೋಲನ್ನು ಇಂದಿನ ಪದಾರ್ಥಕ್ಕೂ ಹಿಡಿಯಬಹುದು. ಮಾಂಸಾಹಾರವನ್ನು ತ್ಯಜಿಸಲು ಹೊರಟವನಿಗೆ ಅದು ಸೇತುವೆ. ಅವನ ಮಟ್ಟಿಗೆ ಸ್ವಾಗತಾರ್ಹ. ಹುಟ್ಟಿನಿಂದ ಶಾಕಾಹಾರಿಯಾದ ಮಗುವಿಗೆ ಆ ಆಕಾರವೂ ಆ ಹೆಸರೂ ಅನಾವಶ್ಯಕ. ಮನೆಯಲ್ಲಿ 'ಕೀಮಾ' ಎಂದು ಬಡಿಸಿದುದನ್ನೇ ಮಗು ನಾಳೆ ಹೋಟೆಲಿನಲ್ಲಿ ಕೇಳಿದರೆ, ತಟ್ಟೆಗೆ ಬರುವುದು ಬೇರೆಯೇ ವಸ್ತು.

ಹೆಸರಿಲ್ಲದಿದ್ದರೆ ರುಚಿ ಕುಂದದು. ಎಳೆಯ ಹಲಸಿನಕಾಯಿಯನ್ನು ಬಂಗಾಳಿಗಳು 'ಮರದ ಆಡು' ಎಂಬರ್ಥದ ಹೆಸರಿನಿಂದ ಕರೆಯುವುದುಂಟು. ಉಡುಪಿಯಲ್ಲಿ ಅದು ಕೇವಲ ಗುಜ್ಜೆ, ಅದರ ಪಲ್ಯಕ್ಕೆ ಬೇರೆ ಬಿರುದು ಬೇಕಾಗಿಲ್ಲ.

ಹಾಗೆಂದು ಸೋಯಾವನ್ನೇ ತಿರಸ್ಕರಿಸಬೇಕಾಗಿಲ್ಲ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಶಾಖ ಮತ್ತು ಒತ್ತಡದಲ್ಲಿ ಯಂತ್ರದ ರಂಧ್ರಗಳ ಮೂಲಕ ಹೊರದೂಡಿದಾಗ ದೊರೆಯುವುದೇ ಸೋಯಾ ಚಂಕ್ಸ್. ಒಣಗಿದ 100 ಗ್ರಾಂನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ತಲೆಗೆ 25 ಗ್ರಾಂ ಒಣ ಚಂಕ್ಸ್ ಲೆಕ್ಕ ಹಾಕಿದರೆ ಇದರ ಕಾಲುಭಾಗ ದೊರೆಯುತ್ತದೆ.

ಉಪ್ಪು ಹಾಕಿದ ಕುದಿನೀರಿನಲ್ಲಿ 8-10 ನಿಮಿಷ ಬೇಯಿಸಿ, ಬಸಿದು, ತಣ್ಣೀರಿನಲ್ಲಿ ಎರಡು ಬಾರಿ ತೊಳೆದು, ಅಂಗೈಯಲ್ಲಿ ಬಲವಾಗಿ ಹಿಂಡಬೇಕು. ಹಸಿ ವಾಸನೆ ಹೋಗುವುದು ಹೀಗೆ ಹಿಂಡುವುದರಿಂದಲೇ. ಬಳಿಕ ತೆಂಗಿನತುರಿ, ಶುಂಠಿ, ಕಾಳುಮೆಣಸು, ಕೊತ್ತಂಬರಿ ಬೀಜಗಳನ್ನು ರುಬ್ಬಿ ಬೆರೆಸಿ, ಕುದಿಸಿ, ತುಪ್ಪದಲ್ಲಿ ಇಂಗು, ಜೀರಿಗೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಈರುಳ್ಳಿ, ಬೆಳ್ಳುಳ್ಳಿಗಳಿಲ್ಲದೆಯೇ ಸೊಗಸಾದ ಕೂಟು ಸಿದ್ಧವಾಗುತ್ತದೆ.

ಸಿದ್ಧ ಪೊಟ್ಟಣಗಳನ್ನು ಕೊಳ್ಳುವಾಗ ಎಚ್ಚರ ಅಗತ್ಯ. ಮೊಟ್ಟೆ ಬೆರೆತ ಪದಾರ್ಥಕ್ಕೆ ಹಸಿರು ಚುಕ್ಕೆ ಸಲ್ಲದು. ಅದಕ್ಕೆ ಕಂದು ಬಣ್ಣದ ಗುರುತು ಇರಬೇಕೆಂಬುದು ಕಾನೂನು. ಆದರೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲವೆಂದು ಹಸಿರು ಚುಕ್ಕೆ ಹೇಳುವುದಿಲ್ಲ. ಅದಕ್ಕಾಗಿ ಸಣ್ಣಕ್ಷರದ ಪಟ್ಟಿಯನ್ನೇ ಓದಬೇಕು. ಸೋಯಾ ಎರಡು ಬೇಳೆಯ ಕಾಳು. ಆದುದರಿಂದ ಚಾತುರ್ಮಾಸ್ಯದ ದ್ವಿದಳ ವ್ರತದಲ್ಲಿ ಅದಕ್ಕೆ ಸ್ಥಾನವಿಲ್ಲ. ನೈವೇದ್ಯಕ್ಕೆ ಸಲ್ಲುವುದೇ ಎಂಬುದನ್ನು ಮನೆಯ ಆಚಾರ್ಯರಲ್ಲಿ ಕೇಳಿ ತಿಳಿಯುವುದು ಕ್ಷೇಮ. ಥೈರಾಯ್ಡ್ ಮಾತ್ರೆಯನ್ನು ದೇಹ ಹೀರಿಕೊಳ್ಳುವುದಕ್ಕೆ ಸೋಯಾ ಅಡ್ಡಿಪಡಿಸಬಹುದು. ಅಂತಹ ಹಿರಿಯರು ಎಷ್ಟು ಅಂತರವಿಡಬೇಕೆಂದು ವೈದ್ಯರನ್ನು ವಿಚಾರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬಡಿಸುವ ಕ್ರಮ. ಎಲೆಗೆ ಹಾಕುವ ಮೊದಲೇ "ಇದು ಸೋಯಾ, ಇಂತಿಂತಹ ವಸ್ತು ಸೇರಿದೆ" ಎಂದು ಹೇಳಬೇಕು. ನಿಷ್ಠಾವಂತ ಅತಿಥಿಯೊಬ್ಬರು ತುತ್ತು ಬಾಯಿಗಿಟ್ಟು ಸಂಶಯಪಟ್ಟರೆ ಆ ಊಟವೇ ಕೆಟ್ಟಿತು. ಆಮೇಲೆ ನಗುತ್ತ ಗುಟ್ಟು ಬಿಚ್ಚಿದರೆ ಆ ಮನೆಯ ಅಡುಗೆಯ ಮೇಲಿನ ವಿಶ್ವಾಸವೇ ಹೋಯಿತು. ಬೇಡವೆಂದವರಿಗೆ ಒತ್ತಾಯ ಸಲ್ಲದು. ಅವರಿಗಾಗಿ ಬೇರೆ ಸೌಟು, ಬೇರೆ ಪಲ್ಯ ಇರಲಿ. ಬೇಕೆಂದ ಮೊಮ್ಮಕ್ಕಳನ್ನು ಗದರುವುದೂ ಬೇಡ. ಮನೆಯಲ್ಲಿ ಪ್ರೀತಿಯಿಂದ, ಸತ್ಯವನ್ನು ತಿಳಿಸಿ ಬಡಿಸಿದ ಮಗುವಿಗೆ ಹೊರಗೆ ಹೋದಾಗ ಯಾವುದನ್ನು ಬೇಡವೆನ್ನಬೇಕೆಂಬ ಅರಿವು ಇರುತ್ತದೆ. ಆಹಾರಶುದ್ಧಿಯಲ್ಲಿ ಪದಾರ್ಥದ ಶುದ್ಧಿಯಷ್ಟೇ ಬಡಿಸುವವರ ಮಾತಿನ ಶುದ್ಧಿಯೂ ಸೇರಿದೆ.

ಶ್ರೀಕೃಷ್ಣಾರ್ಪಣಮಸ್ತು.