ಡಬ್ಬಿಯಲ್ಲಿ ಹುಳ ಕಂಡ್ರೆ ಮೊದಲು ಅದರ ಮೂತಿ ನೋಡಿ

ಮಳೆಗಾಲ ಶುರುವಾದ್ರೆ ನನಗೆ ಬರೋ ಮೆಸೇಜ್‌ಗಳಲ್ಲಿ ಒಂದು ಫೋಟೋ ಗ್ಯಾರಂಟಿ. ಸ್ಟೀಲ್ ಡಬ್ಬಿ, ಒಳಗೆ ಹುಳ. ಬಿಟಿಎಂ ಲೇಔಟ್‌ನಲ್ಲಿ ರೂಮ್ ಮಾಡಿರೋ ಹುಡುಗರೂ ಕಳಿಸ್ತಾರೆ, ಜಯನಗರದ ಆಂಟಿಯರೂ ಕಳಿಸ್ತಾರೆ. ಪ್ರಶ್ನೆ ಒಂದೇ: ಎಲ್ಲಾ ಬಿಸಾಕಬೇಕಾ?

ಬೇಡ. ಹುಳ ಯಾವುದು ಅಂತ ಗೊತ್ತಾದ್ರೆ, ಯಾವ ಡಬ್ಬಿಯಿಂದ ಬಂತು ಅಂತಾನೂ ಗೊತ್ತಾಗುತ್ತೆ. ಫೋನ್ ಕ್ಯಾಮೆರಾ ಝೂಮ್ ಮಾಡಿ.

ಸೊಂಡಿಲಿನ ಥರ ಮೂತಿ ಇದ್ಯಾ? ಅಕ್ಕಿ ಹುಳ. ಅಕ್ಕಿ, ಗೋಧಿ, ಜೋಳ ನೋಡಿ. ಹೆಣ್ಣು ಹುಳ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಮುಚ್ಚಿಬಿಡುತ್ತೆ. ಮರಿ ಒಳಗೇ ತಿಂದು ಬೆಳೆಯುತ್ತೆ. ಅದಕ್ಕೇ ತಂದಾಗ ಕ್ಲೀನಾಗಿದ್ದ ಅಕ್ಕಿಯಲ್ಲಿ ತಿಂಗಳಾದ್ಮೇಲೆ ಹುಳ ಕಾಣೋದು.

ಮೂತಿ ಇಲ್ಲ, ಕೆಂಪು-ಕಂದು ಬಣ್ಣ, ಚಪ್ಪಟೆ ಮೈ, ಚುರುಕಾಗಿ ಓಡುತ್ತೆ ಅಂದ್ರೆ ಹಿಟ್ಟಿನ ಹುಳ. ರವೆ, ಮೈದಾ, ಗೋಧಿಹಿಟ್ಟು ಚೆಕ್ ಮಾಡಿ. ಇದು ಬಿಡೋ ರಾಸಾಯನಿಕದಿಂದ ಹಿಟ್ಟಿಗೆ ಕೆಟ್ಟ ವಾಸನೆ ಬರುತ್ತೆ. ಜರಡಿ ಹಿಡಿದ್ರೂ ಆ ವಾಸನೆ ಹೋಗಲ್ಲ. ಅಂಥ ಹಿಟ್ಟು ಬಿಸಾಕಿ.

ಹೆಸರುಕಾಳು, ಅಲಸಂದೆ, ಕಡಲೆ ಮೇಲೆ ಬಿಳಿ ಚುಕ್ಕಿ, ಪಕ್ಕದಲ್ಲಿ ದುಂಡಗಿನ ತೂತು ಇದ್ರೆ ಅದು ಕಾಳಿನ ಹುಳ. ಆ ಚುಕ್ಕಿಗಳೇ ಮೊಟ್ಟೆ. ಇಡೀ ಕಾಳು ಅಂದ್ರೆ ಇದಕ್ಕೆ ಜಾಸ್ತಿ ಇಷ್ಟ.

ಊರಿಂದ ಅಮ್ಮ ಕಳಿಸಿದ ಸಾರಿನ ಪುಡಿಯಲ್ಲಿ ತಲೆ ಬಗ್ಗಿಸಿಕೊಂಡಿರೋ, ಗೂನು ಬೆನ್ನಿನ ಚಿಕ್ಕ ಕಂದು ಹುಳ ಸಿಕ್ರೆ? ಅದು ಸಿಗರೇಟ್ ಬೀಟಲ್. ತಂಬಾಕಿಗೂ ಬೀಳುತ್ತೆ, ಖಾರದ ಪುಡಿಗೂ ಹೆದರಲ್ಲ.

ಈಗ ಸೀರಿಯಸ್ ವಿಷಯ. ಮೂಟೆ ಅಕ್ಕಿಗೆ ಹಾಕೋ ಮಾತ್ರೆ ಯಾರಾದ್ರೂ ತಂದುಕೊಟ್ರೆ ಮುಟ್ಟಲೇಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ್ರೆ ಸಾಕು, ಫಾಸ್ಫೀನ್ ಅನ್ನೋ ವಿಷಾನಿಲ ಬರುತ್ತೆ. ಪಕ್ಕದ ರೂಮಲ್ಲಿ ಮಲಗಿರೋರ ಜೀವಾನೂ ತೆಗೆಯಬಹುದು. ಇದಕ್ಕೆ ಅಂತ ಪ್ರತ್ಯೇಕ ಪ್ರತಿವಿಷ ಇಲ್ಲ. ಗೋಡೌನ್‌ಗಳಲ್ಲಿ ತರಬೇತಿ ಇರೋರು ಬಳಸೋ ವಸ್ತು, ಮನೆಗಲ್ಲ. 50 ರೂಪಾಯಿ ಅಕ್ಕಿ ಉಳಿಸೋಕೆ ಜೀವ ಪಣಕ್ಕಿಡೋದು ಯಾವ ಲೆಕ್ಕ?

ಮನೆಯಲ್ಲಿ ಮಾಡಬಹುದಾದ್ದು ಸುಲಭ. ಹುಳ ಬಿದ್ದ ಡಬ್ಬಿ ಬೇರೆ ಇಡಿ. ಅಕ್ಕಿಯಲ್ಲಿ ಸ್ವಲ್ಪವೇ ಇದ್ರೆ ಮೊರದಲ್ಲಿ ಕೇರಿ, ತೊಳೆದು ಅಡುಗೆ ಮಾಡಿ. ಅಕ್ಕಿ ಹುಳ ವಿಷವಲ್ಲ. ಹೊಸದಾಗಿ ತಂದ ರವೆ, ಕಾಳನ್ನ ಗಾಳಿಯಾಡದ ಕವರ್‌ನಲ್ಲಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಡಿ. ಮೈನಸ್ 18 ಡಿಗ್ರಿಯಲ್ಲಿ ಮೊಟ್ಟೆಯೂ ಸಾಯುತ್ತೆ. ಹೊರಗೆ ತೆಗೆದ್ಮೇಲೆ ತಣ್ಣಗಿರೋದು ಹೋಗೋವರೆಗೂ ಕವರ್ ಬಿಚ್ಚಬೇಡಿ, ಇಲ್ಲಾಂದ್ರೆ ಒಳಗೆ ತೇವ ಕೂರುತ್ತೆ. ತೊಗರಿಬೇಳೆಗೆ ಅಜ್ಜಿ ಹರಳೆಣ್ಣೆ ಸವರಿಡ್ತಿದ್ದಿದ್ದು ಸುಮ್ನೆ ಅಲ್ಲ. ಎಣ್ಣೆ ಸವರಿದ ಕಾಳಿನ ಮೇಲೆ ಹುಳ ಮೊಟ್ಟೆ ಇಡೋದು ಕಷ್ಟ.

ಖಾಲಿ ಡಬ್ಬಿ ತೊಳೆದು, ಪೂರ್ತಿ ಒಣಗಿಸಿ. ಹಳೇ ರವೆ ತಳದಲ್ಲಿರುವಾಗ ಹೊಸದನ್ನ ಮೇಲೆ ಸುರೀಬೇಡಿ. ಬಿಕಾಂನಲ್ಲಿ ಸ್ಟಾಕ್ ಲೆಕ್ಕಕ್ಕೆ ಫಿಫೋ ಅಂತ ಓದಿದ್ವಲ್ಲ, ಮೊದಲು ಬಂದಿದ್ದು ಮೊದಲು ಹೋಗ್ಬೇಕು. ಅಡುಗೆಮನೆಗೂ ಅದೇ ರೂಲ್. ಆಫರ್ ಇದೆ ಅಂತ ಒಬ್ಬರೇ ಇರೋ ರೂಮಿಗೆ 5 ಕೆಜಿ ಗೋಧಿಹಿಟ್ಟು ತಂದ್ರೆ, ಉಳಿಸಿದ ದುಡ್ಡು ಹುಳಕ್ಕೆ ಊಟ.

ಇವತ್ತು ರಾತ್ರಿ ಒಂದೊಂದೇ ಡಬ್ಬಿ ತೆಗೆದು ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.