ಹಡಗು ಬರುವುದಕ್ಕೆ ಮೊದಲು



ವಿದೇಶಾಂಗ ನೀತಿ ಎಂದೊಡನೆ ಶೃಂಗಸಭೆ, ಒಪ್ಪಂದ, ಕೈಕುಲುಕುವ ನಾಯಕರು ಕಣ್ಣಮುಂದೆ ಬರುತ್ತಾರೆ. ಆದರೆ ನಾನು ಇವತ್ತು ಹೇಳಬೇಕೆಂದಿರುವುದು ಹಕ್ಕಿಪಿಕ್ಕಿ ಜನರ ಮಾತು.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು. ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ನೂರಕ್ಕೂ ಹೆಚ್ಚು ಮಂದಿ ದಾವಣಗೆರೆ, ಶಿವಮೊಗ್ಗ, ಮೈಸೂರು ಕಡೆಯ ಹಕ್ಕಿಪಿಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವ ಅವರ ಕುಲಕಸುಬು ಅಪರಾಧವಾಯಿತು. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುವುದೇ ಬದುಕಾಯಿತು. ಆ ಎಣ್ಣೆಗೆ ಆಫ್ರಿಕದಲ್ಲಿ ಗಿರಾಕಿಗಳಿದ್ದರು. ಸಾಲಸೋಲ ಮಾಡಿ ಹೊರಟರು. ಹಲವರು ಇದ್ದದ್ದು ಪಶ್ಚಿಮದ ದಾರ್ಫುರ್ ಪ್ರಾಂತದ ಎಲ್ ಫಾಶಿರ್‌ನಲ್ಲಿ. ಅವರನ್ನು ಕರೆತರುವ ಹಡಗು ಬರಬೇಕಾದ ಪೋರ್ಟ್ ಸುಡಾನ್ ಪೂರ್ವದ ಕೊನೆಗೆ, ಕೆಂಪು ಸಮುದ್ರದ ದಡದಲ್ಲಿ. ನಡುವೆ ಇಡೀ ದೇಶ, ಇಡೀ ಯುದ್ಧ.

ಸುಡಾನಿನಿಂದ ಭಾರತೀಯರನ್ನು ಕರೆತಂದ ‘ಆಪರೇಷನ್ ಕಾವೇರಿ’ ನಾವು ಹೆಮ್ಮೆಪಡಬೇಕಾದ ಕೆಲಸ. ನೌಕಾಪಡೆಯ ಐಎನ್‌ಎಸ್ ಸುಮೇಧಾ ಜನರನ್ನು ಜಿದ್ದಾಕ್ಕೆ ಸಾಗಿಸಿತು. ದೀಪಗಳೇ ಇಲ್ಲದ ವಾದಿ ಸೈಯದ್ನಾ ರನ್‌ವೇ ಮೇಲೆ ನಮ್ಮ ವಾಯುಪಡೆ ರಾತ್ರಿಯಲ್ಲಿ ವಿಮಾನ ಇಳಿಸಿ 121 ಜನರನ್ನು ಹೊತ್ತು ತಂದಿತು. ಒಟ್ಟು 3,800ಕ್ಕೂ ಹೆಚ್ಚು ಜನ ತಾಯ್ನಾಡು ಸೇರಿದರು. ಸೌದಿ ಅರೇಬಿಯ ಜಿದ್ದಾದಲ್ಲಿ ನೆಲೆ ಕೊಡದಿದ್ದರೆ ಇದು ಇಷ್ಟು ಬೇಗ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಕಾಪಾಡಿಕೊಂಡ ಸ್ನೇಹ ಕೈಹಿಡಿಯುವುದು ಇಂಥ ವಾರದಲ್ಲೇ.

ಆದರೆ ಬೆಂಗಳೂರಿನಲ್ಲಿ ಇಳಿದವರಲ್ಲಿ ಕೆಲವರಿಗೆ ನೇರವಾಗಿ ಮನೆಗೆ ಹೋಗಲಾಗಲಿಲ್ಲ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಅವರ ಬಳಿ ಇರಲಿಲ್ಲ, ಕ್ವಾರಂಟೈನ್‌ಗೆ ಕಳಿಸಬೇಕಾಯಿತು. ಹೊರಡುವ ಹತ್ತು ದಿನ ಮೊದಲು ಒಂದು ಚುಚ್ಚುಮದ್ದು ಹಾಕಿಸಿದ್ದರೆ ಮುಗಿಯುತ್ತಿತ್ತು. ಅದನ್ನು ಅವರಿಗೆ ತಿಳಿಯುವಂತೆ ಹೇಳುವವರು ಯಾರಿದ್ದರು? ಯುದ್ಧದಿಂದ ಬಿಡಿಸಿ ತರುವಷ್ಟು ಬಲ ನಮಗಿದೆ, ಊರು ಬಿಡುವಾಗ ನಾಲ್ಕು ಮಾತು ಹೇಳಿ ಕಳಿಸುವ ವ್ಯವಧಾನ ಇನ್ನೂ ಬಂದಿಲ್ಲ. ನನ್ನನ್ನು ಕಾಡುವುದು ಇದೇ.

ವ್ಯವಸ್ಥೆ ಇಲ್ಲವೆಂದಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಗೊತ್ತುಪಡಿಸಿದ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಆ ಪಟ್ಟಿಯಲ್ಲಿ ಸುಡಾನ್ ಕೂಡ ಇದೆ. ಹಾಗೆ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಿದೆ. ತೆರಿಗೆ ಬಿಟ್ಟು 275 ರೂಪಾಯಿಗೆ ಎರಡು ವರ್ಷ, ಹತ್ತು ಲಕ್ಷದ ವಿಮೆ. ಒಳ್ಳೆಯ ಯೋಜನೆ. ಆದರೆ ಅದು ನೌಕರಿಗೆಂದು ಹೋಗುವವರದು. ಎಣ್ಣೆಯ ಬಾಟಲಿ ಹೊತ್ತು ತಾನೇ ವ್ಯಾಪಾರಕ್ಕೆ ಹೊರಟವನು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಓದಲು ಹೋದವರ ಕಥೆಯೂ ಇದಕ್ಕೆ ದೂರದ್ದಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನ ಶೆಲ್ ದಾಳಿಯಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಸತ್ತ. ‘ಆಪರೇಷನ್ ಗಂಗಾ’ ಸಾವಿರಾರು ಮಕ್ಕಳನ್ನು ತಂದಿತು, ಸರಿ. ಆ ಮಕ್ಕಳು ಉಕ್ರೇನಿನವರೆಗೆ ಹೋದದ್ದು ಇಲ್ಲಿನ ಸರ್ಕಾರಿ ಸೀಟು ಸಿಗದೆ, ಖಾಸಗಿ ಕಾಲೇಜಿನ ಶುಲ್ಕ ಕಟ್ಟಲಾಗದೆ. ಆ ಪ್ರಶ್ನೆಗೆ ಉತ್ತರ ರಾಯಭಾರ ಕಚೇರಿಯಲ್ಲಿಲ್ಲ. ನಮ್ಮ ಆರೋಗ್ಯ ಮತ್ತು ಶಿಕ್ಷಣದ ಬಜೆಟ್ಟಿನಲ್ಲಿದೆ.

ಪದವೀಧರರೆ, ನಿಮ್ಮಲ್ಲಿ ಕೆಲವರು ನಾಳೆ ಗಲ್ಫ್‌ಗೋ ಜರ್ಮನಿಗೋ ಹೋಗುವಿರಿ. ಮುಟ್ಟಿದ ವಾರದಲ್ಲೇ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಇಲ್ಲೇ ಉಳಿದು ತಾಲ್ಲೂಕು ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಕೂರುವವರಿಗೆ ನನ್ನದೊಂದು ಕೋರಿಕೆ: ಹೊರನಾಡಿಗೆ ಹೋಗುವವರು ನಿಮ್ಮ ಸುತ್ತ ಯಾರಿದ್ದಾರೆ, ಯಾವ ವೀಸಾದಲ್ಲಿ ಹೋಗುತ್ತಿದ್ದಾರೆ ಎಂದು ಕೇಳಿ ತಿಳಿಯಿರಿ. ಲಸಿಕೆ, ವಿಮೆ, ನೋಂದಣಿಯ ಮಾತನ್ನು ಅವರ ಭಾಷೆಯಲ್ಲಿ ಹೇಳಿ. ಆ ಹತ್ತು ಲಕ್ಷದ ವಿಮೆ ಸ್ವಂತ ವ್ಯಾಪಾರಕ್ಕೆ ಹೋಗುವವರಿಗೂ ಸಿಗಬೇಕೆಂದು ನಿಮ್ಮ ಸಂಸದರಿಗೆ ಬರೆಯಿರಿ. ನಾನೂ ಬರೆಯುತ್ತೇನೆ.